ನೀರು ಜಾಸ್ತಿ ಕುಡಿದ್ರೆ ಲಾಭ ಇದೆ, ಆದ್ರೆ ಯಾವ ನೀರು ಅಂತ ಮೊದಲು ನೋಡಿ

ನೀವು ಕೇಳಿರೋದು, ದಿನಾ ಮೂರ್ನಾಲ್ಕು ಲೀಟರ್ ನೀರು ಕುಡಿದ್ರೆ ಮುಖಕ್ಕೆ ಗ್ಲೋ ಬರುತ್ತಂತೆ, ಮೈಯಲ್ಲಿರೋ ವಿಷ ಎಲ್ಲಾ ಹೋಗುತ್ತಂತೆ, ನಾನು ಕುಡಿಯೋದು ಒಂದು ಲೀಟರ್ ಅಷ್ಟೇ, ಏನಾದ್ರೂ ತೊಂದ್ರೆ ಆಗುತ್ತಾ ಅಂತ. ಗ್ಲೋ ವಿಷಯ ಬಿಟ್ಬಿಡಿ, ನಾನು ಮೂರು ವರ್ಷದಿಂದ ಸರಿಯಾಗಿ ಕುಡೀತಿದೀನಿ, ಮುಖ ಹೆಂಗಿತ್ತೋ ಹಂಗೇ ಇದೆ. ವಿಷ ತೆಗೆಯೋದು ಕಿಡ್ನಿ, ಲಿವರ್ ಕೆಲಸ. ಕಿಡ್ನಿ ದಿನಕ್ಕೆ ಹತ್ತಿರಹತ್ತಿರ 180 ಲೀಟರ್ ಸೋಸಿ, ಅದರಲ್ಲಿ ಒಂದೂವರೆ ಎರಡು ಲೀಟರ್ ಮಾತ್ರ ಆಚೆ ಬಿಡುತ್ತೆ, ನೀವು ಎರಡು ಚೊಂಬು ಜಾಸ್ತಿ ಕುಡಿದ್ರಿ ಅಂತ ಅದೇನು ಓಟಿ ಮಾಡಲ್ಲ. ಆದ್ರೆ ದಿನಕ್ಕೆ ಒಂದೇ ಲೀಟರ್ ಅಂದ್ರೆ ಕಮ್ಮಿನೇ ರೀ, ಇದನ್ನ ನಾನು ಅನುಭವಿಸಿ ಹೇಳ್ತಿದೀನಿ.

ನಾನು ಚಿಂತಾಮಣಿ ಕಡೆ ಹಳ್ಳಿ ಸ್ಕೂಲಲ್ಲಿ ಟೀಚರ್. ಬೆಳಿಗ್ಗೆ ಎಂಟಕ್ಕೆ ಬಸ್ ಹತ್ತಿದ್ರೆ ವಾಪಸ್ ಮನೆ ಸೇರೋದು ಸಾಯಂಕಾಲ ಐದೂವರೆ. ಮೊದಲಿದ್ದ ಸ್ಕೂಲಲ್ಲಿ ಟಾಯ್ಲೆಟ್ ಇತ್ತು ಆದ್ರೆ ಅದಕ್ಕೆ ನೀರಿರಲಿಲ್ಲ, ಬಾಗಿಲಿಗೆ ಚಿಲಕನೂ ಇರಲಿಲ್ಲ, ಹಂಗಾಗಿ ನಾವು ಮೂರು ಜನ ಲೇಡಿ ಟೀಚರ್ಸ್ ಕಂಡುಕೊಂಡ ಉಪಾಯ ಅಂದ್ರೆ ನೀರೇ ಕುಡೀದೆ ಇರೋದು. ಬೆಳಿಗ್ಗೆ ತುಂಬಿಸ್ಕೊಂಡು ಹೋದ ಬಾಟಲಿ ಸಾಯಂಕಾಲ ಮನೆ ಮುಂದಿನ ಕನಕಾಂಬರ ಗಿಡಕ್ಕೆ ಹೋಗೋದು. ಐದು ವರ್ಷ ಹಿಂಗೇ ನಡೀತು. ಆಮೇಲೆ ಶುರುವಾಯ್ತು ನೋಡಿ ಉರಿಮೂತ್ರ, ಒಂದೇ ವರ್ಷದಲ್ಲಿ ನಾಲ್ಕು ಸಲ, ಪ್ರತಿ ಸಲನೂ ಆಂಟಿಬಯಾಟಿಕ್, ಮಾತ್ರೆ ಮುಗಿದು ಎರಡು ತಿಂಗಳಿಗೆ ಮತ್ತೆ ಅದೇ ಚಳಿಜ್ವರ, ಅದೇ ಕಿಬ್ಬೊಟ್ಟೆ ನೋವು. ನಾಲ್ಕನೇ ಸಲ ಲೇಡಿ ಡಾಕ್ಟರ್ ಒಬ್ರು, ದಿನಕ್ಕೆ ಎಷ್ಟು ಸಲ ಒಂದಕ್ಕೆ ಹೋಗ್ತೀರಮ್ಮಾ ಅಂತ ಕೇಳಿದ್ರು. ಎಣಿಸಿದ್ರೆ ಮೂರು. ಅಲ್ಲೇ ಇದೆ ನೋಡಿ ನಿಮ್ಮ ಕಾಯಿಲೆ ಅಂದ್ರು.

ಮೂತ್ರ ಒಳಗೇ ನಿಂತಷ್ಟು ಹೊತ್ತು ಕ್ರಿಮಿಗೆ ಬೆಳೆಯೋಕೆ ಟೈಮ್ ಸಿಗುತ್ತೆ, ಆಗಾಗ ಹೋಗ್ತಿದ್ರೆ ತೊಳೆದ ಹಾಗೆ ಕೊಚ್ಕೊಂಡು ಹೋಗುತ್ತೆ, ಅಷ್ಟೇ ಲೆಕ್ಕ. ಇದಕ್ಕೆ 2018ರಲ್ಲಿ ಒಂದು ಸ್ಟಡಿನೂ ಬಂತು. ಪದೇ ಪದೇ ಈ ಇನ್ಫೆಕ್ಷನ್ ಆಗ್ತಿದ್ದ, ಮೊದಲಿಂದ ನೀರು ಕಮ್ಮಿ ಕುಡೀತಿದ್ದ 140 ಹೆಂಗಸ್ರಲ್ಲಿ ಅರ್ಧ ಜನಕ್ಕೆ ದಿನಾ ಒಂದೂವರೆ ಲೀಟರ್ ಎಕ್ಸ್‌ಟ್ರಾ ಕುಡಿಸಿದ್ರು, ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಬಂತು, ಮಿಕ್ಕವರಿಗೆ 3.2 ಸಲ. ದುಡ್ಡು ಹಾಕಿದ್ದು ಬಾಟಲಿ ನೀರು ಮಾರೋ ಕಂಪನಿ ಅನ್ನೋದು ಬೇರೆ ಮಾತು, ಆದ್ರೆ ನನಗಂತೂ ಹಂಗೇ ಆಯ್ತು, ಆಮೇಲೆ ಒಂದೇ ಒಂದು ಸಲ ಬಂದಿದೆ.

ಇನ್ನೊಂದು ಗ್ಯಾರಂಟಿ ಲಾಭ ಅಂದ್ರೆ ಕಿಡ್ನಿ ಸ್ಟೋನ್. ನನ್ನ ಮೈದುನ ಟೊಮೆಟೊ ಲೋಡ್ ಗಾಡಿ ಓಡಿಸ್ತಾನೆ, ಬೇಸಿಗೆಲೂ ಟೀ ಕುಡ್ಕೊಂಡೇ ಡ್ರೈವಿಂಗು, ಒಂದಿನ ರಾತ್ರಿ ಸೊಂಟ ಹಿಡ್ಕೊಂಡು ನೆಲದ ಮೇಲೆ ಹೊರಳಾಡಿಬಿಟ್ಟ. ಮನೇಲಿ ಎಲ್ಲರೂ ಬಾಳೆದಿಂಡು ಬಾಳೆದಿಂಡು ಅಂತ ಹಿಂದೆ ಬಿದ್ರು, ತಿನ್ನಲಿ ಪಾಪ, ಪಲ್ಯ ಚೆನ್ನಾಗೇ ಇರುತ್ತೆ. ಆದ್ರೆ ಡಾಕ್ಟರ್ ಹೇಳಿದ್ದು, ಕುಡಿಯೋದಲ್ಲ ಲೆಕ್ಕ, ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಆಚೆ ಬರಬೇಕು, ಬಿಸಿಲಲ್ಲಿ ಬೆವರೋನು ಅದಕ್ಕೆ ತಕ್ಕಂತೆ ಇನ್ನೂ ಜಾಸ್ತಿ ಕುಡೀಬೇಕು, ಉಪ್ಪು ಕಮ್ಮಿ ಮಾಡು, ನಿಂಬೆರಸ ಹಾಕ್ಕೊಂಡು ಕುಡಿ, ಹಾಲು ಮೊಸರು ಬಿಡಬೇಡ ಅಂತ.

ನಿಮಗೆ ಸ್ಟೋನ್ ಇಲ್ಲ ಅಂದ್ರೆ ಇಷ್ಟೆಲ್ಲಾ ಬೇಕಾಗಿಲ್ಲ. ದಿನಕ್ಕೆ ಎಂಟು ಗ್ಲಾಸ್ ಅನ್ನೋದು ಹೆಂಗೆ ಹುಟ್ತು ಅಂದ್ರೆ 1945ರಲ್ಲಿ ಅಮೆರಿಕದ ಒಂದು ಆಹಾರ ಮಂಡಳಿ ದಿನಕ್ಕೆ ಎರಡೂವರೆ ಲೀಟರ್ ಅಂತ ಬರೀತು, ಅದರ ಜೊತೇಲೇ ಇದರಲ್ಲಿ ಹೆಚ್ಚಿನದು ಊಟದಲ್ಲೇ ಸಿಗುತ್ತೆ ಅಂತಾನೂ ಬರೆದಿತ್ತು, ಆ ಮಾತನ್ನ ಮಾತ್ರ ಎಲ್ಲರೂ ಮರೆತ್ರು. ನಮ್ಮ ಕಡೆ ಮುದ್ದೆ, ಬಸ್ಸಾರು, ಮಜ್ಜಿಗೆ ಅಂತ ತಿನ್ನೋರಿಗೆ ಊಟದಲ್ಲೇ ಎಷ್ಟೋ ನೀರು ಹೋಗುತ್ತೆ. ನಾನು ಲೀಟರ್ ಲೆಕ್ಕ ಇಡಲ್ಲ, ಮೂತ್ರದ ಬಣ್ಣ ನೋಡ್ತೀನಿ, ತಿಳಿ ಹಳದಿ ಇದ್ರೆ ಸರಿ, ಎಣ್ಣೆ ಥರ ಗಾಢ ಆದ್ರೆ ಕುಡೀತೀನಿ. ವಯಸ್ಸಾದೋರಿಗೆ ದಾಹನೇ ಗೊತ್ತಾಗಲ್ಲ, ನಮ್ಮತ್ತೆ "ನಂಗೆ ದಾಹ ಎಲ್ಲೈತೆ" ಅಂತಾನೇ ಹೋದ ಏಪ್ರಿಲಲ್ಲಿ ತಲೆ ತಿರುಗಿ ಬಿದ್ರು, ಅವರಿಗೆ ಕೇಳೋದೇ ಬಿಟ್ಟು ಹೊತ್ತೊತ್ತಿಗೆ ನೀರು ಮಜ್ಜಿಗೆ ಕೈಗೆ ಕೊಡ್ತೀನಿ. ಹಾರ್ಟು ಕಿಡ್ನಿ ತೊಂದ್ರೆ ಇದ್ದು ನೀರು ಕಮ್ಮಿ ಕುಡಿ ಅಂತ ಡಾಕ್ಟರ್ ಹೇಳಿರೋರು ಇದನ್ನೆಲ್ಲ ಫಾಲೋ ಮಾಡಬೇಡಿ.

ಈಗ ಮುಖ್ಯ ವಿಷಯ. ನೀವು ಯಾವ ಊರೋ ಗೊತ್ತಿಲ್ಲ, ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯವರಾದ್ರೆ ಜಾಸ್ತಿ ಕುಡೀರಿ ಅನ್ನೋ ಮುಂಚೆ ಯಾವ ನೀರು ಅಂತ ಕೇಳಬೇಕು. ಸಾವಿರ ಅಡಿ ದಾಟಿದ ಬೋರ್ ನೀರಲ್ಲಿ ಬಹಳ ಕಡೆ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಮಿತಿ. ನಿಮ್ಮ ಬೋರಲ್ಲಿ 3 ಇದೆ ಅಂದ್ಕೊಳ್ಳಿ, ಒಂದು ಲೀಟರ್ ಕುಡಿಯೋನಿಗೆ 3 ಮಿಲಿಗ್ರಾಂ, ಆರೋಗ್ಯ ಅಂತ ನಾಲ್ಕು ಲೀಟರ್ ಕುಡಿಯೋನಿಗೆ 12. ನನ್ನ ಕ್ಲಾಸಲ್ಲೇ ಹಲ್ಲಿನ ಮೇಲೆ ಕಂದು ಗೆರೆ ಇರೋ ಮಕ್ಕಳಿದ್ದಾರೆ, ನಗೋವಾಗ ಕೈ ಅಡ್ಡ ಇಟ್ಕೊಳ್ತಾರೆ, ಪೇಸ್ಟ್ ಬದಲಾಯಿಸಿದ್ರೆ ಅದು ಹೋಗಲ್ಲ. ವರ್ಷಾನುಗಟ್ಟಲೆ ಕುಡಿದ್ರೆ ಕೀಲು, ಬೆನ್ನು ಮೂಳೆ ಬಿಗಿಯುತ್ತೆ. ಕಾಯಿಸಿದ್ರೆ ಸರಿಹೋಗುತ್ತೆ ಅನ್ನೋದು ತಪ್ಪು, ಕಾಯಿಸಿದ್ರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಅಲ್ಲೇ ಇದ್ದು ನೀರು ಆವಿಯಾದಷ್ಟು ಇನ್ನೂ ಗಟ್ಟಿಯಾಗುತ್ತೆ. ಊರಿನ ಘಟಕದ ಫಿಲ್ಟರ್ ನೀರು ಕುಡಿಯೋಕೆ ತಂದು, ಅಡುಗೆಗೆ ಬೋರ್ ನೀರೇ ಹಾಕ್ತಾರೆ ಬಹಳ ಜನ, ಸಾರಿಗೂ ಮುದ್ದೆಗೂ ಅದೇ ಕ್ಯಾನ್ ನೀರು ಹಾಕಿ. ಮೊದಲು ಒಂದು ಬಾಟಲಿ ಸ್ಯಾಂಪಲ್ ಟೆಸ್ಟ್ ಮಾಡಿಸಿ.

ಅಂದಹಾಗೆ ಈಗಿರೋ ಸ್ಕೂಲಲ್ಲಿ ವಾಟರ್ ಬೆಲ್ ಹೊಡೀತೀವಿ, 2019ರಲ್ಲಿ ಕೇರಳದಲ್ಲಿ ಶುರುವಾಗಿ ನಮ್ಮ ರಾಜ್ಯಕ್ಕೂ ಬಂತಲ್ಲ, ಅದು. ಬೆಲ್ ಆದ್ರೆ ಗಂಡು ಮಕ್ಕಳು ಬಾಟಲಿ ಎತ್ತಿ ಗಟಗಟ ಕುಡೀತಾರೆ, ಏಳನೇ ಕ್ಲಾಸ್ ಹೆಣ್ಣು ಮಕ್ಕಳು ತುಟಿ ಒದ್ದೆ ಮಾಡ್ಕೊಂಡು ಮುಚ್ಚಳ ಹಾಕ್ತಾರೆ. ಯಾಕೆ ಅಂತ ನನಗೆ ಕೇಳೋ ಅವಶ್ಯಕತೆನೇ ಬರಲಿಲ್ಲ, ಮಾರನೇ ದಿನ ಅಂಗಡಿಯಿಂದ ಒಂದು ಚಿಲಕ, ಒಂದು ಬಕೆಟ್ಟು ತಂದೆ.