ದಿನ ಒಂದೇ, ಬೆಲೆ ಮೂರು

ಪ್ರಶ್ನೆ: ಸರ್, ತಂದೆಯವರ ಹೆಸರಲ್ಲಿದ್ದ 200 ಷೇರುಗಳನ್ನು ನಾವು ಮೂವರು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಬೇಕು. ಕಳೆದ ಮಾರ್ಚ್ 31ರ ಬೆಲೆ ಹಿಡಿಯೋಣ ಅಂತ ಮಾತಾಯಿತು. ನನ್ನ ಮೊಬೈಲ್ 412.30 ಅನ್ನುತ್ತದೆ, ಅಣ್ಣನ ಪೇಪರ್ 411.85. ತಮ್ಮನ ಕಂಪ್ಯೂಟರಿನಲ್ಲಿ ಬರೀ 206.15! ಯಾವುದು ಖರೆ?
– ಓದುಗರು, ಬೆಟಗೇರಿ, ಗದಗ

ಉತ್ತರ: ಮೂರೂ ಖರೆ. ಮೊದಲೆರಡರ ಜಗಳ ಸಣ್ಣದು. ಒಂದು ಎನ್‌ಎಸ್‌ಇ, ಇನ್ನೊಂದು ಬಿಎಸ್‌ಇ ಬೆಲೆ ಇರಬೇಕು. ಎರಡೂ ಬೇರೆ ಬೇರೆ ಷೇರು ಪೇಟೆ, ದಿನದ ಕೊನೆಗೆ ತಮ್ಮ ತಮ್ಮ ಮುಕ್ತಾಯ ಬೆಲೆ ಹೇಳುತ್ತವೆ. ಮುಕ್ತಾಯ ಬೆಲೆ ಅಂದರೆ 3.30ಕ್ಕೆ ನಡೆದ ಕೊನೆಯ ವ್ಯವಹಾರದ ಬೆಲೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಬಹುಕಾಲದಿಂದ ಕೊನೆಯ ಅರ್ಧ ಗಂಟೆಯ ವ್ಯವಹಾರಗಳ ಸರಾಸರಿ ತೆಗೆಯುತ್ತಾರೆ, ಜಾಸ್ತಿ ಷೇರು ಕೈಬದಲಾದ ಬೆಲೆಗೆ ಜಾಸ್ತಿ ತೂಕ ಕೊಟ್ಟು. ನಿಮ್ಮ ಲೆಕ್ಕದಲ್ಲಿ ಒಟ್ಟು ವ್ಯತ್ಯಾಸ 90 ರೂಪಾಯಿ, ತಲೆಗೆ 30. ಇದಕ್ಕಾಗಿ ಅಣ್ಣನ ಜೊತೆ ಮಾತು ಬಿಡಬೇಡಿ!

ತಮ್ಮನದೇ ನಿಜವಾದ ಗಂಟು. 206.15 ಅಂದರೆ ನಿಮ್ಮ ಬೆಲೆಯ ಸರಿಯಾಗಿ ಅರ್ಧ. ಮಾರ್ಚ್ ಆದಮೇಲೆ ಕಂಪನಿ ಒಂದಕ್ಕೊಂದು ಬೋನಸ್ (ಇದ್ದ ಒಂದು ಷೇರಿಗೆ ಇನ್ನೊಂದು ಪುಕ್ಕಟೆ) ಕೊಟ್ಟಿರಬೇಕು, ಇಲ್ಲವೇ ಷೇರನ್ನು ಎರಡಾಗಿ ಒಡೆದಿರಬೇಕು. ಆಗ ಕೆಲವು ವೆಬ್‌ಸೈಟ್‌ಗಳು ಹಳೆಯ ಬೆಲೆಯನ್ನೂ ಅರ್ಧ ಮಾಡಿ ತೋರಿಸುತ್ತವೆ. ಷೇರುಗಳನ್ನು ಇಟ್ಟಿರುವ ಡಿಮ್ಯಾಟ್ ಖಾತೆ ತೆಗೆದು ನೋಡಿ, ಈಗ 400 ಷೇರು ಇದ್ದರೆ ಅನುಮಾನವೇ ಬೇಡ. 200ಕ್ಕೆ 412.30 ಹಿಡಿಯಿರಿ, ಅಥವಾ 400ಕ್ಕೆ 206.15. ಎರಡೂ 82,460 ರೂಪಾಯಿಯೇ. ಹೊಸ ಸಂಖ್ಯೆಗೆ ಹಳೆ ಬೆಲೆ ಹಚ್ಚಿದಿರೋ, ಆಸ್ತಿ ಸುಮ್ನೆ ಎರಡು ಪಟ್ಟಾಗುತ್ತದೆ, ಕಾಗದದ ಮೇಲೆ ಮಾತ್ರ.

ಯಾವ ಪೇಟೆಯ ಬೆಲೆ, ಯಾವ ದಿನದ್ದು ಅಂತ ಪಾಲುಪಟ್ಟಿಯಲ್ಲೇ ಬರೆದು ಮೂವರೂ ಸಹಿ ಹಾಕಿ.