ಅದು ಬ್ಯಾಗ್‌ಪೈಪ್ ಅಲ್ಲ, ಗಿಟಾರ್

ಸ್ಕಾಟ್ಲೆಂಡಿನ ರಾಕ್ ಬ್ಯಾಂಡ್ ಬಿಗ್ ಕಂಟ್ರಿಯ 'ದಿ ಕ್ರಾಸಿಂಗ್' ಆಲ್ಬಮ್‌ನಲ್ಲಿ ಬ್ಯಾಗ್‌ಪೈಪ್ (ಚೀಲದಲ್ಲಿ ಗಾಳಿ ತುಂಬಿ ನುಡಿಸುವ ವಾದ್ಯ) ನುಡಿಸಿದವರು ಯಾರು ಅಂತ ಕೇಳಿದ್ದೀರಿ. ಯಾರೂ ಇಲ್ಲ! ಅದು ಪೂರ್ತಿ ಸ್ಟುವರ್ಟ್ ಆಡಮ್ಸನ್ ಮತ್ತು ಬ್ರೂಸ್ ವಾಟ್ಸನ್ ಅವರ ಗಿಟಾರು.

ಬ್ಯಾಗ್‌ಪೈಪಿನಲ್ಲಿ ಒಂದು ಸ್ವರ ನಮ್ಮ ತಂಬೂರಿ ಶ್ರುತಿಯ ಹಾಗೆ ಬಿಡದೆ ಕೇಳುತ್ತಿರುತ್ತದೆ ಅಲ್ವಾ, ಅದರ ಮೇಲೆ ಧಾಟಿ ಓಡುತ್ತದೆ. ಗಿಟಾರಿನಲ್ಲಿ ಮೀಟಿದ ಸ್ವರ ಬೇಗ ಸಾಯುತ್ತದೆ. ಅದಕ್ಕೆ ಇವರು ಇ-ಬೋ ಬಳಸಿದರು. ಬ್ಯಾಟರಿ ಹಾಕಿದ ಪುಟ್ಟ ಸಾಧನ ಅದು, ತಂತಿಯ ಹತ್ತಿರ ಹಿಡಿದರೆ ಸಾಕು, ಮೀಟದೆಯೇ ಕಾಂತಬಲದಿಂದ ತಂತಿ ಕಂಪಿಸುತ್ತಲೇ ಇರುತ್ತದೆ. ಜೊತೆಗೆ ಎಂಎಕ್ಸ್‌ಆರ್ ಕಂಪನಿಯ ಪಿಚ್ ಟ್ರಾನ್ಸ್‌ಪೋಸರ್ ಅನ್ನೋ ಯಂತ್ರ ಇತ್ತು. ನುಡಿಸಿದ ಸ್ವರಕ್ಕೆ ಬೇರೆ ಎತ್ತರದ ಇನ್ನೊಂದು ಸ್ವರವನ್ನು ಅದು ಸೇರಿಸಿಕೊಡುತ್ತದೆ. ಆದರೆ ಸುಮ್ನೆ ಯಂತ್ರ ಇಟ್ಟುಕೊಂಡರೆ ಈ ದನಿ ಬರೋದಿಲ್ಲ, ಧಾಟಿಯೇ ಸ್ಕಾಟ್ಲೆಂಡಿನ ಜನಪದದ್ದು, ಇಬ್ಬರೂ ಅದನ್ನು ಹೆಣೆದುಕೊಂಡು ನುಡಿಸುತ್ತಾರೆ.

ಹೆಡ್‌ಫೋನ್ ಹಾಕಿಕೊಂಡು ಈ ಆಲ್ಬಮ್ಮಿನ 'ಫೀಲ್ಡ್ಸ್ ಆಫ್ ಫೈರ್' ಹಾಡು ಶುರುವಾಗೋದನ್ನು ಕೇಳಿ. ಮಾರ್ಕ್ ಬ್ರೆಝಿಕಿ ಅವರ ಡ್ರಮ್ಸ್ ಕಡೆಗೂ ಸ್ವಲ್ಪ ಗಮನ ಕೊಡಿ, ದಂಡಿನ ನಡಿಗೆಯ ಆ ಬಿಗಿ ಇಲ್ಲದಿದ್ದರೆ ಗಿಟಾರುಗಳಿಗೆ ಇಷ್ಟು ಕಳೆ ಬರುತ್ತಿರಲಿಲ್ಲ.

1983ರ ಆಲ್ಬಮ್ ಇದು, ನಿರ್ಮಾಪಕ ಸ್ಟೀವ್ ಲಿಲ್ಲಿವೈಟ್, ಬ್ರಿಟನ್ನಿನ ಆಲ್ಬಮ್ ಜನಪ್ರಿಯತೆಯ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಗಿತ್ತು. ಜಾಸ್ತಿ ಜನ ಇದರ 'ಇನ್ ಎ ಬಿಗ್ ಕಂಟ್ರಿ' ಹಾಡು ಕೇಳಿ ಅಲ್ಲಿಗೇ ನಿಲ್ಲಿಸುತ್ತಾರೆ, ಅದು ನನಗೆ ನಿಜಕ್ಕೂ ಬೇಜಾರು. ನೀವು ದಯವಿಟ್ಟು 'ಚಾನ್ಸ್' ಕೇಳಿ, ಆಮೇಲೆ ಕೊನೆಯ 'ಪೊರೊಮನ್' ಅನ್ನು ಪೂರ್ತಿ ಕೇಳಿ. ನಿಮಗೆ ಹಿಡಿಸಿದ ಆ ದನಿ ಅದರಲ್ಲಿ ಬೇಕಾದಷ್ಟು ಸಿಗುತ್ತದೆ.