ಹೊಸ ಮದರ್‌ಬೋರ್ಡಿಗೆ ಹಳೆಯ ಗ್ರಾಫಿಕ್ಸ್ ಕಾರ್ಡ್ ಹೊಂದುತ್ತದೆಯೇ?

ಬಹುತೇಕ ಹೊಂದುತ್ತದೆ. ಬಜೆಟ್ ಬಿಗಿಯಾಗಿದ್ದರೆ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೊದಲು ಬದಲಿಸಿ. ಕಾರ್ಡನ್ನು ಆಮೇಲೆ ನೋಡಿಕೊಳ್ಳಬಹುದು.

ಕಾರ್ಡ್ ಕೂರುವ ಪಿಸಿಐಇ ಸ್ಲಾಟಿನ ಆಕಾರ ತಲೆಮಾರುಗಳುದ್ದಕ್ಕೂ ಒಂದೇ. ಕಂಪ್ಯೂಟರ್ ಆನ್ ಆದಾಗ ಬೋರ್ಡ್ ಮತ್ತು ಕಾರ್ಡ್ ಎರಡಕ್ಕೂ ಗೊತ್ತಿರುವ ಗರಿಷ್ಠ ವೇಗವನ್ನು ಆರಿಸಿಕೊಳ್ಳುತ್ತವೆ. ಹಾಗಾಗಿ 3.0 ತಲೆಮಾರಿನ ಕಾರ್ಡ್ 5.0 ತಲೆಮಾರಿನ ಸ್ಲಾಟಿನಲ್ಲಿ 3.0 ವೇಗದಲ್ಲೇ ಓಡುತ್ತದೆ, ಕಾರ್ಡಿಗೆ ಅದರಿಂದ ನಷ್ಟವೇನಿಲ್ಲ.

ನಿಜವಾದ ತೊಡಕು ಬರುವುದು ಬೂಟ್ ಆಗುವಾಗ. ಹೊಸ ಬೋರ್ಡುಗಳು ಯುಇಎಫ್‌ಐ ಎಂಬ ಆರಂಭಿಕ ತಂತ್ರಾಂಶ ಬಳಸುತ್ತವೆ. ಸುಮಾರು 2012ಕ್ಕಿಂತ ಹಳೆಯ ಅನೇಕ ಕಾರ್ಡುಗಳಲ್ಲಿ ಅದಕ್ಕೆ ಬೇಕಾದ ಫರ್ಮ್‌ವೇರ್ (ಕಾರ್ಡಿನೊಳಗೇ ಇರುವ ತಂತ್ರಾಂಶ) ಇರುವುದಿಲ್ಲ. ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಗೇ ಇರುತ್ತದೆ. ಕಾರ್ಡ್ ಕೆಟ್ಟಿದೆ ಎಂದು ಎಸೆಯಬೇಡಿ. ಬೋರ್ಡಿನ ಯುಇಎಫ್‌ಐ ಸೆಟ್ಟಿಂಗ್ಸ್‌ನಲ್ಲಿ ಸಿಎಸ್‌ಎಂ ಆಯ್ಕೆ (ಹಳೆಯ ವಿಧಾನದ ಬೂಟ್‌ಗೆ ಅವಕಾಶ ಕೊಡುವಂಥದ್ದು) ಇದ್ದರೆ ಆನ್ ಮಾಡಿ ನೋಡಿ. ಪರದೆ ಕಪ್ಪಗಿರುವಾಗ ಆ ಸೆಟ್ಟಿಂಗ್ಸ್ ಕಾಣಲು ಪ್ರೊಸೆಸರಿನಲ್ಲೇ ಇರುವ ಗ್ರಾಫಿಕ್ಸ್ ಅಥವಾ ಬೇರೊಂದು ಕಾರ್ಡ್ ಬೇಕಾಗುತ್ತದೆ. ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಈ ಗ್ರಾಫಿಕ್ಸ್ ಇಲ್ಲ, ಕೊಳ್ಳುವ ಮುನ್ನವೇ ಗಮನಿಸಿ.

ವಿದ್ಯುತ್ತಿನ ಲೆಕ್ಕವೂ ಮುಖ್ಯ. ಸ್ಲಾಟ್ ಕೊಡುವುದು 75 ವ್ಯಾಟ್, ಪವರ್ ಸಪ್ಲೈಯಿಂದ ಕಾರ್ಡಿಗೆ ಬರುವ ಆರು ಪಿನ್ನಿನ ಕೇಬಲ್ ಇನ್ನೂ 75, ಎಂಟು ಪಿನ್ನಿನದು 150. ಪ್ರೊಸೆಸರಿಗೆ ಹೋಗುವ ಎಂಟು ಪಿನ್ನಿನ ಕೇಬಲ್ಲನ್ನು ಕಾರ್ಡಿಗೆ ಬಲವಂತವಾಗಿ ತುರುಕಬೇಡಿ: ಅದರ ತಂತಿಗಳ ಜೋಡಣೆ ಬೇರೆ, ಶಾರ್ಟ್ ಆಗುತ್ತದೆ.

ಎಲ್ಲ ಕೂರಿಸಿದ ಮೇಲೆ ಮಾನಿಟರ್ ಕೇಬಲ್ಲನ್ನು ಬೋರ್ಡಿಗಲ್ಲ, ಕಾರ್ಡಿಗೇ ಚುಚ್ಚಿ.